ಕೆಂಪಾದ ಪುಷ್ಪಾವತಿ

ಮೈಲಾರೆಪ್ಪನ ಆ ದಿನದ ಅವಾಂತರಕ್ಕೆಲ್ಲ ಮೂಲ ಒಂದು ಕುಂಕುಮದ ಬೊಟ್ಟು. ಅದನ್ನು ಇಟ್ಟವಳು ಅವನ ಹೆಂಡತಿ ಪುಷ್ಪಾವತಿ. ಇಟ್ಟದ್ದು ವಿಮಾ ಏಜೆಂಟರ ಲೈಸೆನ್ಸ್ ಕಾರ್ಡಿನ ಮೇಲೆ. ರಾಣೆಬೆನ್ನೂರಿನ ಅವರ ಮನೆಯಲ್ಲಿ ಆ ಕಾರ್ಡು ದೇವರ ಜಗಲಿಯ ಮೇಲೆ ಲಕ್ಷ್ಮಿಯ ಪಟಕ್ಕೆ ಆತು ನಿಂತಿತ್ತು. ಮನೆಗೆ ಅನ್ನ ತರುವ ವಸ್ತು ಯಾವುದೇ ಇರಲಿ, ಶುಕ್ರವಾರ ಅದಕ್ಕೆ ಕುಂಕುಮ ಏರಿಸುವುದು ಅವಳ ಪದ್ಧತಿ. ಬೊಟ್ಟು ಹೋಗಿ ಕೂತದ್ದು ಮಾತ್ರ ನಂಬರಿನ ನಟ್ಟನಡುವೆ.

ಲೈಸೆನ್ಸು ಪುಷ್ಪಾವತಿಯ ಹೆಸರಿನಲ್ಲಿತ್ತು. ಊರು ಏಜೆಂಟ್ ಎಂದು ಕರೆಯುತ್ತಿದ್ದದ್ದು ಮೈಲಾರೆಪ್ಪನನ್ನು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಏಜೆಂಟರ ಪರೀಕ್ಷೆಗೆ ಕೂತಾಗಲೆಲ್ಲ ಅವನು ಫೇಲಾದ. ಜೋಡಿಗೆ ಇರಲಿ ಎಂದು ಹಾವೇರಿಯ ತರಬೇತಿಗೆ ಸೇರಿಸಿದ ಪುಷ್ಪಾವತಿ ಒಂದೇ ಏಟಿಗೆ ಪಾಸಾದಳು. ಅಲ್ಲಿಂದ ಲೈಸೆನ್ಸು ಅವಳದು, ತಿರುಗಾಟ ಇವನದು. ಆ ಬ್ರಾಂಚಿನ ಅರ್ಧ ಏಜೆಂಟರ ಸಂಸಾರ ನಡೆಯುತ್ತಿದ್ದದ್ದೂ ಹೀಗೆಯೇ.

ಅವತ್ತು ಮಾರ್ಚ್ ಮೂವತ್ತೊಂದು. ವರ್ಷಕ್ಕೆ ಇಂತಿಷ್ಟು ಪಾಲಿಸಿ ಮಾಡಿಸದಿದ್ದರೆ ಏಜೆನ್ಸಿಯೇ ರದ್ದು ಎಂಬುದು ಕಂಪನಿಯ ನಿಯಮ. ಮೈಲಾರೆಪ್ಪನಿಗೆ ಒಂದೇ ಒಂದು ಕಡಿಮೆ ಬಿದ್ದಿತ್ತು. ಅದನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ದಾದಾಸಾಬರು. "ಮಧ್ಯಾಹ್ನ ಟೆಂಡರ್ ಮುಗದ ಮ್ಯಾಲ ಬರ್ರಿ, ಸಹಿ ಮಾಡ್ತೇನಿ" ಎಂದಿದ್ದರು. ಕೊನೆಯ ದಿನವಾದ್ದರಿಂದ ಆಫೀಸು ಸಂಜೆ ಏಳರ ತನಕ ತೆರೆದಿರುತ್ತಿತ್ತು. ಹೀಗೆ ಲೆಕ್ಕ ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಮೈಲಾರೆಪ್ಪ ಬೆಳಿಗ್ಗೆ ರಾಣೆಬೆನ್ನೂರಿನ ಆಫೀಸಿಗೆ ಹೊಸ ಫಾರ್ಮು ತರಲು ಹೋದ.

ಆಫೀಸಿನಲ್ಲಿ ಎಲ್ಲರೂ ಒಂದು ಕಂಪ್ಯೂಟರಿನ ಸುತ್ತ ನೆರೆದಿದ್ದರು. ಹಾವೇರಿಯ ದೊಡ್ಡ ಆಫೀಸಿನಿಂದ ಸಾಜಿಯಾ ಎಂಬ ಆಫೀಸರು ಒಂದು ಸಿ.ಡಿ. ಹಿಡಿದು ಬಂದಿದ್ದರು. ಅದರೊಳಗೊಂದು ಸಾಫ್ಟ್‌ವೇರ್. ಏಜೆಂಟರ ಲೈಸೆನ್ಸ್ ನಂಬರುಗಳನ್ನೆಲ್ಲ ಅದಕ್ಕೆ ಉಣ್ಣಿಸಿ ಒಂದು ಗುಂಡಿ ಒತ್ತಿದರೆ ಸಾಕು, ನಂಬರು ಖರೇ ಇದ್ದವರ ಹೆಸರು ಹಸಿರಾಗುತ್ತಿತ್ತು, ಇಲ್ಲದವರದು ಕೆಂಪಾಗುತ್ತಿತ್ತು. ಸಾಜಿಯಾ ಗುಂಡಿ ಒತ್ತಿದರು. ಪರದೆ ಮುಂಗಾರಿನ ಹೊಲದಂತೆ ಹಸಿರಾಯಿತು. ಎರಡೇ ಹೆಸರು ಕೆಂಪು. ಒಂದು ಫಿರೋಜ್, ಇನ್ನೊಂದು ಪುಷ್ಪಾವತಿ.

"ಇಂಥಾ ನಂಬರ್ ಲೋಕದಾಗ ಇಲ್ಲಂತರಿ" ಎಂದರು ಸಾಜಿಯಾ.

"ಹೆಂಗ ಇಲ್ಲರೀ ಮೇಡಮ್? ನಾನ ಕಾರ್ಡ್ ನೋಡಿ ಬರಕೊಟ್ಟೇನಿ!" ಎಂದ ಮೈಲಾರೆಪ್ಪ. ಕುಂಕುಮದ ಕೆಳಗಿದ್ದ ಅಂಕಿಯನ್ನು ಅಂದಾಜಿನ ಮೇಲೆ ಬರೆದದ್ದು ಆಗ ನೆನಪಾಗಿ ಅವನ ದನಿ ಅರ್ಧಕ್ಕೇ ಇಳಿಯಿತು.

ಫಿರೋಜನದು ಬೇರೆ ಕತೆ. ಯಾವ ಕಾಗದ ಕಂಡರೂ ತನ್ನ ಮೊಬೈಲ್ ನಂಬರು ಬರೆಯುವುದು ಅವನ ಚಾಳಿ. ಲೈಸೆನ್ಸ್ ನಂಬರಿನ ಜಾಗದಲ್ಲೂ ಅದನ್ನೇ ಬರೆದಿದ್ದ. ಮ್ಯಾನೇಜರ್ ಅಂಜಿನಪ್ಪ ಅವನಿಗೆ ಫೋನು ಹಚ್ಚಿದರು. ಫಿರೋಜ್ ಕೂಗಿ ಮಾತಾಡುವವನಾದ್ದರಿಂದ ಇಡೀ ಆಫೀಸಿಗೆ ಕೇಳಿಸಿತು. "ಸರ್, ಕಾರ್ಡ್ ಟಿಜೋರ್ಯಾಗ ಐತಿ, ಕೀಲಿ ಮನ್ಯಾಕಿ ತವರುಮನಿಗೆ ಒಯ್ದಾಳ. ನಾ ಬ್ಯಾಡಗ್ಯಾಗ ದಾದಾಸಾಬರ ಅಂಗಡ್ಯಾಗ ಕುಂತೇನಿ, ಎದ್ದು ಬರಾಂಗಿಲ್ಲ ನೋಡ್ರಿ!"

ದಾದಾಸಾಬರ ಹೆಸರು ಕೇಳಿದ್ದೇ ಮೈಲಾರೆಪ್ಪನಿಗೆ ಅಂಗಾಲಿನಲ್ಲಿ ಬೆಂಕಿ ಬಿದ್ದಂತಾಯಿತು. "ಮೇಡಮ್, ನಂದೊಂದು ಸರಿ ಮಾಡಿ ಹಸರ ಮಾಡಿಬಿಡ್ರಿ. ಅವಂದು ಕೆಂಪ ಇರ್ಲಿ, ಅವಸರೇನೈತಿ?"

"ಒಬ್ಬೊಬ್ಬರದು ನೋಡೂ ಸಾಫ್ಟ್‌ವೇರ್ ಅಲ್ರಿ ಇದು. ಇಡೀ ಬ್ರಾಂಚಿಂದು ಒಮ್ಮೆಲೇ ನೋಡ್ತೈತಿ. ಒಂದು ತಪ್ಪಿದ್ರೂ ಫೈಲ್ ಮುಂದ ಹೋಗಾಂಗಿಲ್ಲ, ಇವತ್ತು ಯಾರದೂ ಹೊಸಾ ಪಾಲಿಸಿ ತಗೊಳಾಂಗಿಲ್ಲ."

ಹಸಿರಾಗಿ ನಿಂತಿದ್ದ ಏಜೆಂಟರೆಲ್ಲ ಒಮ್ಮೆಲೇ ಮೈಲಾರೆಪ್ಪನ ಕಡೆ ಕೆಂಪಗೆ ನೋಡಿದರು. ಅವನು ಫಾರ್ಮು ಅಲ್ಲೇ ಬಿಟ್ಟು ಮನೆಗೆ ಓಡಿದ.

ಕಾರ್ಡನ್ನು ಜಗಲಿಯಿಂದ ಇಳಿಸಿ ನೋಡಿದರೆ, ವಾರವಾರವೂ ಬೊಟ್ಟಿನ ಮೇಲೆ ಬೊಟ್ಟು ಬಿದ್ದು ಕುಂಕುಮ ಗಟ್ಟಿ ಹಕ್ಕಳೆಯಾಗಿತ್ತು. ಪುಷ್ಪಾವತಿ ಸೆರಗಿನ ತುದಿಯಿಂದ ಹಗುರಾಗಿ ಒರೆಸತೊಡಗಿದಳು. ಅಷ್ಟರಲ್ಲಿ ಪಕ್ಕದ ಮನೆಯ ಹೊಳಿಯವ್ವ ಬಂದಳು. ಓಣಿಯಲ್ಲಿ ಎಲ್ಲಿ ಗಡಿಬಿಡಿಯಿದ್ದರೂ ಅವಳಿಗೆ ಅದು ಹೇಗೋ ವಾಸನೆ ಬಡಿಯುತ್ತಿತ್ತು.

"ಏನದು, ಕಲೆ ಹೋಗವಲ್ದೇನು? ಇಲ್ಲಿ ಕೊಡ ಇತ್ತಾಗ. ನಮ್ಮ ದೇವರ ದೀಪದ ಸಮೇ ನಾ ಹೆಂಗ ಬೆಳಗ್ತೇನಿ ನೋಡೀಯಲ್ಲ" ಎನ್ನುತ್ತ ಹೊಳಿಯವ್ವ ಕಾರ್ಡನ್ನು ಕಸಿದುಕೊಂಡು ಹಿತ್ತಲಿಗೆ ನಡೆದಳು. ಅಲ್ಲಿ ಹುಣಸೆಹಣ್ಣು, ಬೂದಿ ಎರಡೂ ಕೈಗೆ ಎಟಕುವಂತಿದ್ದವು. ಗಂಡ ಹೆಂಡತಿ "ಯವ್ವಾ, ಬ್ಯಾಡಾ!" ಎಂದು ಚೀರುತ್ತ ಹಿಂದೆ ಓಡುವಷ್ಟರಲ್ಲಿ ಅವಳು ತಿಕ್ಕಿ ತೊಳೆದು ಬಿಸಿಲಿಗೆ ಹಿಡಿದಿದ್ದಳು.

"ನೋಡು, ಹೆಂಗ ಫಳಫಳ ಅನ್ನಾಕತ್ತೈತಿ!"

ಕುಂಕುಮ ಹೋಗಿತ್ತು. ಅದರ ಜೊತೆ ನಂಬರು, ಸಹಿ, ಮೊಹರು, ಫೋಟೊದಲ್ಲಿದ್ದ ಪುಷ್ಪಾವತಿಯ ಮೂಗಿನಿಂದ ಕೆಳಗಿನ ಭಾಗ ಎಲ್ಲವೂ ಹೋಗಿತ್ತು. ಅಚ್ಚ ಬಿಳಿ ಕಾರ್ಡಿನ ಮೇಲೆ ಎರಡು ಕಣ್ಣು ಮಾತ್ರ ಉಳಿದು ಮೈಲಾರೆಪ್ಪನನ್ನು ಮಿಕಿಮಿಕಿ ನೋಡುತ್ತಿದ್ದವು.

"ರೀ, ನಾನೂ ಬರ್ತೇನ್ರಿ. ನನ್ನ ಲೈಸೆನ್ಸ್ ಅಲ್ಲೇನು" ಎಂದಳು ಪುಷ್ಪಾವತಿ.

"ನೀ ಬಂದು ಏನ್ ಮಾಡ್ತಿ? ಇದು ಆಫೀಸ್ ವ್ಯವಹಾರ. ಸುಮ್ನ ಮನ್ಯಾಗಿರು" ಎಂದು ಗದರಿಸಿ, ಮೈಲಾರೆಪ್ಪ ಹಾವೇರಿ ಬಸ್ಸು ಹತ್ತಿದ. ಅವಳೂ ಫಿರೋಜನೂ ಕಲಿತದ್ದು ಅಲ್ಲಿಯ ಒಂದೇ ತರಬೇತಿ ಕೇಂದ್ರದಲ್ಲಿ. ಇಬ್ಬರ ನಂಬರೂ ಅಲ್ಲಿ ಇದ್ದೇ ಇರಬೇಕು.

ತರಬೇತಿ ಕೇಂದ್ರ ಈಗ ಹೊಲಿಗೆ ಕ್ಲಾಸಾಗಿತ್ತು. ಯಜಮಾನ ಹಜರತಅಲಿ ಕೊರಳಿಗೆ ಟೇಪು ಹಾಕಿಕೊಂಡು ಎದುರುಗೊಂಡರು. "ಬರ್ರಿ ಮೈಲಾರೆಪ್ಪಾರ! ಪರೀಕ್ಷೆ ಮತ್ತ ಕಟ್ಟವರೇನು? ಈ ಸಲ ಪಾಸ್ ಆಗ್ತೀರಿ, ನನ್ನ ಗ್ಯಾರಂಟಿ."

"ಪರೀಕ್ಷೆ ಸುಡುಗಾಡಿಗೆ ಹೋಗ್ಲಿ. ಎರಡು ನಂಬರ್ ಬೇಕ್ರಿ, ಲಗೂ."

ನಂಬರುಗಳು ಮೂಲೆಯ ಹಳೆಯ ಕಂಪ್ಯೂಟರಿನಲ್ಲಿದ್ದವು, ಆದರೆ ಕರೆಂಟು ಇರಲಿಲ್ಲ. ಮೈಲಾರೆಪ್ಪ ಕೂತ, ನಿಂತ, ಬಾಗಿಲಿಗೆ ಹೋಗಿ ಬಂದ, ಕಂಬದ ಕಡೆ ಕೈಮುಗಿದ. ಹೊಲಿಗೆ ಕಲಿಯುತ್ತಿದ್ದ ಹುಡುಗಿಯರಿಗೆ ನಗು ತಡೆಯಲಾಗಲಿಲ್ಲ. ಕೊನೆಗೊಮ್ಮೆ ಕರೆಂಟು ಬಂದು, ಕಂಪ್ಯೂಟರು ಮುಲುಕುತ್ತ ಎದ್ದು, ಹೆಸರುಗಳು ಕಾಣಿಸಿಕೊಂಡ ಕೂಡಲೇ ಮತ್ತೆ ಹೋಯಿತು. ಕೆಳಗಿದ್ದ ಬ್ಯಾಟರಿ ಕುಂಯ್ ಕುಂಯ್ ಎಂದು ಕೊನೆಯುಸಿರು ಎಳೆಯತೊಡಗಿತು.

"ಬರಕೋರಿ, ಲಗೂ ಬರಕೋರಿ!" ಎಂದು ಹಜರತಅಲಿ ಪೆನ್ನು ಕೊಟ್ಟರು. ಕಾಗದ ಹುಡುಕುವಷ್ಟು ವ್ಯವಧಾನ ಎಲ್ಲಿತ್ತು? ಮೈಲಾರೆಪ್ಪ ಹೆಂಡತಿಯ ನಂಬರನ್ನು ತನ್ನ ಎಡ ಅಂಗೈ ಮೇಲೆ ಗೀಚಿದ. ಬಲ ಅಂಗೈಯನ್ನು ಹಜರತಅಲಿ ಜೋಯಿಸರಂತೆ ಹಿಡಿದುಕೊಂಡು ಫಿರೋಜನ ನಂಬರು ಬರೆದರು. ಕೊನೆಯ ಅಂಕಿಗೆ ಪರದೆ ಕಪ್ಪಾಯಿತು.

ಅಂಗೈಯ ಮೇಲಿನದನ್ನು ಕಾಗದಕ್ಕೆ ಇಳಿಸೋಣ ಎನ್ನುವಷ್ಟರಲ್ಲಿ ರಾಣೆಬೆನ್ನೂರಿನ ಬಸ್ಸು ಹೊರಟೇಬಿಟ್ಟಿತ್ತು. ಓಡಿ ಹತ್ತಿದ. ಒಳಗೆ ಕಾಲಿಡಲು ಜಾಗವಿಲ್ಲ. ಮಾರ್ಚ್ ತಿಂಗಳ ಸೆಕೆ ಬೇರೆ. ಕಂಬಿ ಹಿಡಿದರೆ ಪುಷ್ಪಾವತಿ ಅಳಿಸಿಹೋಗುತ್ತಾಳೆ, ಸೀಟಿನ ಬೆನ್ನು ಹಿಡಿದರೆ ಫಿರೋಜ್ ಅಳಿಸಿಹೋಗುತ್ತಾನೆ. ಎರಡೂ ಅಂಗೈಗಳನ್ನು ಮೇಲೆತ್ತಿ ಆಶೀರ್ವಾದ ಮಾಡುವವನಂತೆ ನಿಂತುಕೊಂಡ. ಬಸ್ಸು ತಿರುವಿನಲ್ಲಿ ವಾಲಿದಾಗೊಮ್ಮೆ ಯಾರದಾದರೂ ಮಡಿಲಿಗೆ ಹೋಗಿ ಬೀಳುತ್ತಿದ್ದ.

"ಏ ಯಜಮಾನ್ರ, ಕಂಬಿ ಹಿಡೀರಿ! ಕೈಗೇನ್ ಮೆಹಂದಿ ಹಚ್ಚೀರೇನು?" ಎಂದ ಕಂಡಕ್ಟರ್.

"ಕಿಸೆದಾಗ ರೊಕ್ಕ ಐತಿ, ನೀವ ತಗೋರಿ. ಒಂದೀಟು ಪೆನ್ ಕೊಡ್ರಿ."

"ಪೆನ್ ಕೊಟ್ಟು ಟಿಕೆಟ್ ಬೆರಳಿಂದ ಬರೀಲೇನು?"

ಬಲ ಅಂಗೈ ಬೆವರತೊಡಗಿತು. ಫಿರೋಜನ ಅಂಕಿಗಳ ಅಂಚುಗಳು ಹರಡುತ್ತಿದ್ದವು. ಮುಷ್ಟಿ ಮುಚ್ಚಿ ಒಮ್ಮೆ ಹಿಸುಕಿದರೆ ಸಾಕು, ವೈರಿ ಒರೆಸಿಹೋಗುತ್ತಾನೆ! ಆ ಆಸೆಗೆ ಅವನ ಬೆರಳುಗಳು ಅರ್ಧ ಮಡಚಿದವು. ಆದರೆ ಸಾಜಿಯಾ ಹೇಳಿದ್ದು ನೆನಪಾಯಿತು. ಫಿರೋಜ್ ಕೆಂಪಾದರೆ ತಾನೂ ಕೆಂಪು. ಹಲ್ಲು ಕಚ್ಚಿಕೊಂಡು ಬೆರಳು ಬಿಡಿಸಿದ. ಅಲ್ಲಿಂದ ರಾಣೆಬೆನ್ನೂರಿನ ತನಕ ತನ್ನ ಪರಮ ವೈರಿಯ ನಂಬರಿಗೆ ತಾಯಿ ಕೂಸಿಗೆ ಗಾಳಿ ಹಾಕುವಂತೆ ಉಫ್ ಉಫ್ ಎಂದು ಊದುತ್ತ ಬಂದ. ಇಂಥ ಹಣೆಬರಹ ವೈರಿಗೂ ಬೇಡ ಎನಿಸಿತು.

ಆಫೀಸಿನಲ್ಲಿ ಸಾಜಿಯಾ ಅವನ ಅಂಗೈ ನೋಡಿಕೊಂಡೇ ಎರಡೂ ನಂಬರು ಒತ್ತಿದರು. ಗುಂಡಿ ಒತ್ತಿದರು. ಪುಷ್ಪಾವತಿ ಹಸಿರಾದಳು. ಫಿರೋಜನೂ ಹಸಿರಾದ. ಏಜೆಂಟರು ಚಪ್ಪಾಳೆ ತಟ್ಟಿದರು. ಒಬ್ಬಿಬ್ಬರು ಮೈಲಾರೆಪ್ಪನ ಬೆನ್ನು ಚಪ್ಪರಿಸಿದರು. ಅವನು ನೀರೂ ಕುಡಿಯದೆ, ಫಾರ್ಮು ಎದೆಗೆ ಅವಚಿಕೊಂಡು ಬ್ಯಾಡಗಿಗೆ ಹೋಗುವ ಟೆಂಪೊ ಹಿಡಿದ. ಅವನು ಬಾಗಿಲು ದಾಟುವುದಕ್ಕೂ ಮ್ಯಾನೇಜರ್ ಅಂಜಿನಪ್ಪ ಕರ್ತವ್ಯಬುದ್ಧಿಯಿಂದ ಫೋನು ಎತ್ತಿಕೊಳ್ಳುವುದಕ್ಕೂ ಸರಿಹೋಯಿತು.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳ ಗುಡ್ಡೆ, ಗಾಳಿಯಲ್ಲೆಲ್ಲ ಘಾಟು. ಸೀನುತ್ತ ಸೀನುತ್ತ, ಚೀಲಗಳಿಗೆ ಕೈಯೂರುತ್ತ ಮೈಲಾರೆಪ್ಪ ದಾದಾಸಾಬರ ಅಂಗಡಿ ಮುಟ್ಟಿದ. ದಾದಾಸಾಬರು ಗಾದಿಯ ಮೇಲೆ ಒರಗಿದ್ದರು. ಪಕ್ಕದಲ್ಲಿ ಫಿರೋಜ್ ಫಾರ್ಮು ಮಡಚಿ ಬ್ಯಾಗಿಗೆ ಸೇರಿಸುತ್ತಿದ್ದ.

"ಈಗ ಬಂದ್ರೇನ್ರಿ ಮೈಲಾರೆಪ್ಪಾರ?" ಎಂದರು ದಾದಾಸಾಬರು ಬೇಸರದಿಂದ. "ಈ ಹುಡುಗ ಮುಂಜಾನಿಂದ ಜಾಗಾ ಬಿಟ್ಟು ಎದ್ದಿಲ್ಲ ನೋಡ್ರಿ. ನಿಮ್ಮ ಲೈಸೆನ್ಸ್ ಕೆಂಪಾಗೇತಿ ಅಂದ ಇಂವ. ಇವಂದು ಹಸರ ಆತಂತ ಈಗ ಫೋನ್ ಬಂತು. ಸಹಿ ಮಾಡಿಬಿಟ್ನಿ."

ಫಿರೋಜ್ ಎದ್ದು ಬಂದು ಮೈಲಾರೆಪ್ಪನನ್ನು ಬಿಗಿದಪ್ಪಿಕೊಂಡ. "ಅಣ್ಣಾ, ನನ್ನ ನಂಬರ್ ನೀನ ಹಾವೇರಿಂದ ತಂದಿ ಅಂತ ಸಾಹೇಬ್ರು ಹೇಳಿದ್ರು. ಈ ಉಪಕಾರ ಜನ್ಮದಾಗ ಮರ್ಯಾಂಗಿಲ್ಲ. ಕುಂದ್ರು, ಚಾ ಕುಡಿ."

ಬ್ಯಾಡಗಿಯಲ್ಲಿ ಅಳುವವನಿಗೆ ಒಂದು ಅನುಕೂಲವಿದೆ; ಯಾಕೆ ಅಳುತ್ತಿ ಎಂದು ಯಾರೂ ಕೇಳುವುದಿಲ್ಲ. ಮೈಲಾರೆಪ್ಪ ಧಾರಾಳವಾಗಿ ಅತ್ತ. ಕಣ್ಣೊರೆಸಿಕೊಳ್ಳಲು ಹೋಗಿ ಚೀಲ ಮುಟ್ಟಿದ ಕೈಯನ್ನೇ ಬಳಸಿದ್ದರಿಂದ ಟೆಂಪೊದಲ್ಲಿ ವಾಪಸು ಬರುವಾಗಲೂ ಅಳುತ್ತಲೇ ಬಂದ.

ಆಫೀಸಿನ ಕಡೆ ಮುಖ ಮಾಡದೆ ಮನೆಗೆ ಹೋದ. ಹೊಳಿಯವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳನ್ನು ನೋಡಿಯೂ ನೋಡದವನಂತೆ ಒಳಹೊಕ್ಕು ಗೋಡೆಗೆ ಒರಗಿದ.

"ಹೋತು ಪುಷ್ಪಾ. ಏಜೆನ್ಸಿ ಹೋತು. ನಾಳಿಂದ ಊರಾಗ ನಾ ಯಾರಂತ ಹೇಳ್ಕೊಂಡು ತಿರಗ್ಲಿ?" ಪರೀಕ್ಷೆಯಲ್ಲಿ ಫೇಲಾದವನಿಗೆ ಉಳಿದಿದ್ದ ಮರ್ಯಾದೆ ಏಜೆಂಟ್ ಎಂಬ ಆ ಹೆಸರೊಂದೇ.

ಪುಷ್ಪಾವತಿ ನೀರಿನ ತಂಬಿಗೆ ಮುಂದಿಟ್ಟಳು. "ಎಲ್ಲಿ ಹೋಗ್ತೈತ್ರಿ? ಜೀವ ತಡೀಲಾರದ ನಾನೂ ಹೊಳಿಯವ್ವನೂ ಆಫೀಸಿಗೆ ಹೋಗಿದ್ವಿ. ನೀವು ಬ್ಯಾಡಗಿಗೆ ಹೋದ್ರಂತ ಹೇಳಿದ್ರು. ದಾದಾಸಾಬರ ಮಾತು ನಂಬಿ ಕುಂದ್ರೂದು ಬ್ಯಾಡಂತ, ನಾನ ಒಂದು ಪಾಲಿಸಿ ಮಾಡಿಸಿ ಕೊಟ್ಟು ಬಂದೇನಿ. ಸಾಜಿಯಾ ಮೇಡಮ್ ತಗೊಂಡ್ರು. ಏಜೆನ್ಸಿ ಉಳೀತು."

ಮೈಲಾರೆಪ್ಪ ಎದ್ದು ನಿಂತೇಬಿಟ್ಟ. "ಖರೇನ? ಯಾರ ಅಂವ ಪುಣ್ಯಾತ್ಮ? ಕೊನೀ ದಿನ ದೇವರಂಗ ಬಂದಾನಲ್ಲ! ನೋಡು, ಅಂವ ಕಂತು ತಪ್ಪಸದಂಗ ಬೆನ್ನು ಹತ್ತಬೇಕು. ಏನರ ನೆಪ ಹೇಳಿದ್ರ ಕೇಳಬ್ಯಾಡ. ಬಿಡಬ್ಯಾಡ ಅವನ್ನ!"

"ಬಿಡಾಂಗಿಲ್ಲ" ಎಂದಳು ಪುಷ್ಪಾವತಿ. "ನೀವ."

"ಏನು ನಾನ?"

"ಪಾಲಿಸಿ ನಿಮ್ಮ ಜೀವದ ಮ್ಯಾಲ ಮಾಡಿಸೇನ್ರಿ. ಇಪ್ಪತ್ತು ವರ್ಷದ್ದು."

ಮನುಷ್ಯನ ಜೀವ ನೀರ ಮೇಲಿನ ಗುಳ್ಳೆ ಎಂದು ಜಿಲ್ಲೆಯನ್ನೆಲ್ಲ ಹೆದರಿಸಿ ಪಾಲಿಸಿ ಮಾಡಿಸಿದ್ದ ಮೈಲಾರೆಪ್ಪ, ತನ್ನ ಗುಳ್ಳೆಗೆ ಮಾತ್ರ ಈ ತನಕ ಒಂದು ಕಂತೂ ಕಟ್ಟಿರಲಿಲ್ಲ.

"ನನ್ನ ಸಹಿ? ನಾ ಸಹಿನ ಮಾಡಿಲ್ಲಲ್ಲ!"

"ನಾನ ಹಾಕೇನಿ. ಇಷ್ಟು ವರ್ಷ ನನ್ನ ಸಹಿ ನೀವ ಹಾಕ್ಕೊಂತ ಬಂದೀರಿ, ನಾ ಒಂದರ ದಿನ ಕೇಳೇನೇನು?"

ಸಿಕ್ಕಿಬಿದ್ದ ಗಂಡಸರು ಮಾಡುವುದನ್ನೇ ಮೈಲಾರೆಪ್ಪನೂ ಮಾಡಿದ. ಕಿಸೆಗೆ ಕೈಹಾಕಿ ತಂಬಾಕಿನ ಚೀಟು ಹೊರತೆಗೆದ.

ಪುಷ್ಪಾವತಿ ಕೈ ಚಾಚಿದಳು. "ಅದನ್ನ ಇಲ್ಲಿ ಕೊಡ್ರಿ. ಫಾರ್ಮಿನ್ಯಾಗ ಯಾವ ಚಟಾನೂ ಇಲ್ಲಂತ ಬರದೇನಿ. ಇನ್ನ ಮ್ಯಾಲ ನೀವು ತಂಬಾಕ ತಿಂದದ್ದು ಗೊತ್ತಾದ್ರ ನನ್ನ ಲೈಸೆನ್ಸ್ ಹೋಗ್ತೈತಿ."

"ಯಾರಿಗೆ ಗೊತ್ತಾಗ್ತೈತಿ? ಯಾರ್ ನೋಡ್ತಾರ?" ಎಂದ ಮೈಲಾರೆಪ್ಪ ಕೊನೆಯ ಆಸೆಯಿಂದ.

"ನಾ ನೋಡ್ತಿರ್ತೇನಿ ತಮ್ಮಾ" ಎಂದು ಕಟ್ಟೆಯ ಕಡೆಯಿಂದ ಹೊಳಿಯವ್ವನ ದನಿ ಬಂತು. "ಸಾಕ್ಷಿಗೆ ನಾನ ಹೆಬ್ಬಟ್ಟು ಒತ್ತೇನಿ."