ದುಬೈಗೆ ಹೊರಟ ಖಡಕ್ ರೊಟ್ಟಿ

ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ, ರೊಟ್ಟಿ ಬಡಿಯುವ ಹೆಂಗಸರಿಗೆ ರಫ್ತಿನ ತರಬೇತಿ ಕೊಡುವುದು ಯಾವ ಮಹಾ ಕೆಲಸ ಎನಿಸಿತ್ತು.

ಸಪ್ತಾಪುರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನನ್ನ ಹೆಂಡತಿ ಗಿರಿಜಾ ಖಡಕ್ ರೊಟ್ಟಿ ಮಾಡಿಸಿ ಮಾರುತ್ತಾಳೆ. ದುಬೈಯ ವ್ಯಾಪಾರಿಯೊಬ್ಬ ರೊಟ್ಟಿ ಕೇಳಿದ್ದ. ಅವನ ಬೆಂಗಳೂರಿನ ಪ್ರತಿನಿಧಿ ಬಂದು ಶೆಡ್ಡು ನೋಡಿ ಒಪ್ಪಿದರೆ ಮಾತ್ರ ಆರ್ಡರು. ಗಿರಿಜಾಗೆ ಊಟ ಸೇರುತ್ತಿರಲಿಲ್ಲ.

"ಚಿಂತಿ ಬಿಡು, ನಾ ಅದೀನಿ!" ಎಂದೆ.

"ಅದ ಚಿಂತಿರಿ" ಎಂದಳು.

ಮೊದಲ ಪಾಠ, 'ಜಾಗತಿಕ ಮಾರುಕಟ್ಟೆಯ ಉಗಮ ಮತ್ತು ವಿಕಾಸ'. ವಿಕಾಸ ಮುಗಿಯುವ ಮೊದಲೇ ಹಂಚಿನ ಮೇಲಿನ ರೊಟ್ಟಿಗಳು ಕರಕಲಾದವು! ಮರುದಿನ, ಎಲ್ಲ ರೊಟ್ಟಿಯೂ ಒಂದೇ ಅಳತೆಯಲ್ಲಿರಬೇಕೆಂದು ನಾನೇ ಬಡಿದು ತೋರಿಸಿದೆ. ಅದು ಹರಿದು ಎರಡಾಯಿತು.

"ಸರ್, ಇದರಾಗ ಯಾವುದರ ಅಳತಿ ಹಿಡೀಬೇಕ್ರಿ?" ಎಂದು ಹಿರಿಯ ಕೆಲಸಗಾರ್ತಿ ಶಾಂತವ್ವ ವಿನಯದಿಂದ ಕೇಳಿದಳು.

ಕೊನೆಗೆ ಗಿರಿಜಾ ನನ್ನನ್ನು ಶುಚಿತ್ವದ ವಿಷಯಕ್ಕೆ ವರ್ಗಾಯಿಸಿದಳು. ತಲೆಗೆ ಟೊಪ್ಪಿಗೆ, ಕೈಗೆ ಗವಸು, ಚಪ್ಪಲಿ ಹೊರಗೆ. "ಇದಿಲ್ಲದ ಮಂತ್ರಿ ಬಂದ್ರೂ ಹೊರಗ ದಬ್ಬರಿ!" ಎಂದು ಗುಡುಗಿದೆ.

ಪ್ರತಿನಿಧಿ ಬಂದ ದಿನ ನನಗೆ ಹೊರಗೇ ಇರಬೇಕೆಂದು ಆಜ್ಞೆಯಾಗಿತ್ತು. ಬಾಗಿಲಲ್ಲಿ ನಿಂತು ನೋಡಿದೆ. ಆತ ರೊಟ್ಟಿಯನ್ನು ಅಳೆಯುತ್ತಾನೆ, ತೂಗುತ್ತಾನೆ, ಮುರಿಯುವುದೇ ಇಲ್ಲ! ಖಡಕ್ ರೊಟ್ಟಿ ಮುರಿದು ಸಪ್ಪಳ ಕೇಳದಿದ್ದರೆ ನಮ್ಮ ಕಡೆಯವರಿಗೆ ಜೀವ ತಡೆಯುವುದಿಲ್ಲ. ಒಳನುಗ್ಗಿದೆ. ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ರೊಟ್ಟಿಯೊಂದನ್ನು ಎತ್ತಿ ಲಟಕ್ಕನೆ ಮುರಿದೆ. ಒಂದು ಚೂರು ಬಾಯಿಗೂ ಹಾಕಿಕೊಂಡೆ.

"ಸಪ್ಪಳ ಕೇಳಿದ್ರೇನು?" ಎಂದೆ, ಅಗಿಯುತ್ತ.

ಕೇಳಿಸಿದ್ದು ಶಾಂತವ್ವನ ದನಿ. "ಸರ್! ಟೊಪಗಿ ಇಲ್ಲ, ಗವಸಿಲ್ಲ, ಕಾಲಾಗ ಚಪ್ಪಲಿ! ನಡೀರಿ ಹೊರಗ!"

ರಟ್ಟೆ ಹಿಡಿದು ಹೊಸ್ತಿಲಾಚೆ ಬಿಟ್ಟಳು. ನಾನು ಮುಟ್ಟಿದ ಪೆಟ್ಟಿಗೆಯೂ ನನ್ನ ಹಿಂದೆಯೇ ಹೊರಬಿತ್ತು. ಆರ್ಡರು ಹೋಯಿತೆಂದುಕೊಂಡೆ. ಗಿರಿಜಾಳ ಮುಖ ನೋಡುವ ಧೈರ್ಯವಾಗಲಿಲ್ಲ.

ಪ್ರತಿನಿಧಿ ನಗುತ್ತಿದ್ದ. "ಕೆಲಸಗಾರರ ತರಬೇತಿ ಬಹಳ ಚೆನ್ನಾಗಿದೆ. ಅವರು ಯಾರು ಮೇಡಂ?"

"ನಮ್ಮ ಮನಿಯವ್ರರಿ. ಅವರ ತರಬೇತಿ ಇನ್ನೂ ಮುಗದಿಲ್ಲ!"

ಆರ್ಡರು ಸಿಕ್ಕಿತು. ಸಂಜೆ ಗಿರಿಜಾ ಅದೇ ಪೆಟ್ಟಿಗೆಯ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿ ಹೊರಗಿನ ಕಟ್ಟೆಗೇ ತಂದುಕೊಟ್ಟಳು.

"ಸಿಟ್ಟು ಬಂದೈತೇನು?" ಎಂದೆ ಮೆಲ್ಲಗೆ.

"ಸಿಟ್ಟ್ಯಾಕ್ರಿ? ನೀವು ಕಲಿಸಿದ್ದಕ್ಕ ದುಬೈ ದಾರಿ ಸಿಕ್ತು. ಭಾಳ ಛಲೋ ಕಲಿಸೀರಿ."

ಎದೆ ತುಂಬಿ ಬಂತು. ನನ್ನ ಶಿಷ್ಯೆಯರಿಗೆ ನಾಲ್ಕು ಮೆಚ್ಚುಗೆಯ ಮಾತು ಹೇಳಬೇಕೆಂದು ತಟ್ಟೆ ಹಿಡಿದೇ ಎದ್ದು ಶೆಡ್ಡಿನ ಹೊಸ್ತಿಲ ಬಳಿ ಹೋದೆ.

"ಟೊಪಗಿ!" ಎಂದಳು ಶಾಂತವ್ವ ಒಳಗಿನಿಂದ.

ಬಂದು ಕಟ್ಟೆಯ ಮೇಲೆ ಕೂತೆ.