ಹಿಂಬದಿ ಗೋಡೆಯನ್ನು ನೆನೆಸಿ ತೊಳೆಯುವ ಬಗ್ಗೆ

ಇಂದ,
ಲಾಂಡ್ರಿಯವನು,
ನೆಲಮಹಡಿ.

ಗೆ,
ಅಣ್ಣನವರು,
ಅಗ್ನಿಶಾಮಕ ಠಾಣೆಯ ನಿವೃತ್ತ ಅಧಿಕಾರಿಗಳು,
ಮೇಲ್ಮಹಡಿ, ಅದೇ ಮನೆ.

ವಿಷಯ: ಮನೆಯ ಹಿಂಬದಿ ಗೋಡೆಯನ್ನು ಪ್ರೆಷರ್ ಮಿಷಿನ್ ಬಳಸದೆ, ಸೋಪಿನ ನೀರಿನಲ್ಲಿ ನೆನೆಸಿ ತೊಳೆಯಲು ಅನುಮತಿ ಕೋರಿ.

ಉಲ್ಲೇಖ: ೧. ಮುಂಬದಿ ಗೋಡೆ ತೊಳೆದ ದಿನ ಅಂಗಳದಲ್ಲಿ ನಡೆದ ಮಾತುಕತೆ.
೨. "ಏನಿದ್ರೂ ಬರವಣಿಗೇಲಿ ಕೊಡೋಕೆ ಹೇಳು ಅವನಿಗೆ" ಎಂದು ತಾವು ಅತ್ತಿಗೆಯವರ ಮೂಲಕ ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಾವು ಬಾಡಿಗೆಗೆ ತಂದ, ರಭಸದಿಂದ ನೀರು ಚಿಮ್ಮಿಸುವ ಮಿಷಿನ್ನಿನಿಂದ ಅಂಗಳದ ಸಿಮೆಂಟು ನೆಲ ಹೊಸದರಂತಾಯಿತು. ನೆಲಕ್ಕೆ ಅದೇ ಸರಿ ಎಂದು ಅರ್ಜಿದಾರನು ಮುಕ್ತಕಂಠದಿಂದ ಒಪ್ಪುತ್ತಾನೆ. ಆದರೆ ಅದೇ ಹುಮ್ಮಸ್ಸಿನಲ್ಲಿ ತಾವು ಮಿಷಿನ್ನನ್ನು ಮುಂಬದಿ ಗೋಡೆಯತ್ತ ತಿರುಗಿಸಿದ ಕಾರಣ, ಪಾಚಿಯ ಜೊತೆ ಬಣ್ಣವೂ, ಬಣ್ಣದ ಜೊತೆ ಗಾರೆಯೂ ಎದ್ದು ಬಂದವು. ಕಿಟಕಿಯ ಸಂದಿಯಿಂದ ನುಗ್ಗಿದ ನೀರು, ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಅರ್ಜಿದಾರನ ಮುಖಕ್ಕೆ ಬಡಿಯಿತು. ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟರು ಎಂಬ ಗಾದೆಯನ್ನು ಅಗ್ನಿಶಾಮಕ ದಳದವರ ಮುಂದೆ ಬಳಸುವುದು ಸೂಕ್ತವಲ್ಲವಾದ್ದರಿಂದ ಕೈಬಿಡಲಾಗಿದೆ.

೨. ಆಗ ಅರ್ಜಿದಾರನು ಒದ್ದೆ ದಿಂಬಿನ ಸಮೇತ ಹೊರಬಂದು, "ಬೆಂಕಿ ಎಲ್ಲಿ ಬಿದ್ದಿದೆ ಅಣ್ಣ?" ಎಂದು ಕೇಳಿದ್ದು ನಿಜ. ತಾವು, "ಬಟ್ಟೆ ಒಗೆಯೋನಿಗೆ ಗೋಡೆ ವಿಷ್ಯ ಏನೋ ಗೊತ್ತು?" ಎಂದದ್ದೂ ನಿಜ. ಎದುರುಮನೆಯ ಟೈಲರ್ ನಕ್ಕದ್ದು ಎರಡಕ್ಕಿಂತಲೂ ನಿಜ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂಬಾಗಿಲ ಮೆಟ್ಟಿಲ ಮೇಲೆ ಅರ್ಜಿದಾರನ ಪಕ್ಕ ಕೂತು ಕುಡಿಯುತ್ತಿದ್ದ ಬೆಳಗಿನ ಕಾಫಿಯನ್ನು ತಾವು ಅಂದಿನಿಂದ ಮೇಲ್ಮಹಡಿಗೆ ವರ್ಗಾಯಿಸಿರುತ್ತೀರಿ.

೩. ಅಲ್ಲಿಂದೀಚೆಗೆ ಉಭಯ ಮಹಡಿಗಳ ನಡುವಿನ ವ್ಯವಹಾರವೆಲ್ಲ ಅತ್ತಿಗೆಯವರ ತಲೆಗೆ ಬಿದ್ದಿದೆ. ಅವರು ನಿನ್ನೆ, "ಹತ್ತಿ ಇಳಿದು ನನ್ನ ಮಂಡಿ ಸವೆದೋಯ್ತು. ಅವ್ರು ಕೇಳಿದ್ದು ಬರೆದು ಕೊಟ್ಬಿಡಪ್ಪ, ಪುಣ್ಯ ಬರುತ್ತೆ" ಎಂದರು. ಕಾರಣ ಈ ಅರ್ಜಿ.

೪. ಅರ್ಜಿದಾರನ ವೃತ್ತಿ ಅನುಭವದ ಪ್ರಕಾರ, ಕಾಲರಿನ ಕೊಳೆಯನ್ನು ರಭಸದಿಂದ ಉಜ್ಜಿದರೆ ಮೊದಲು ಹೋಗುವುದು ಕಾಲರು. ನೆನೆಸಿಟ್ಟರೆ ಕೊಳೆ ತಾನಾಗಿ ಬಿಡುತ್ತದೆ. ಆದ್ದರಿಂದ ಹಿಂಬದಿ ಗೋಡೆಗೆ ಸೋಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ಒಣಗಲು ಬಿಡದೆ ಸ್ವಲ್ಪ ಹೊತ್ತು ಕಾದು, ಮೆತ್ತನೆಯ ಬ್ರಷ್ಷಿನಿಂದ ತಿಕ್ಕುತ್ತಾ, ಮೇಲಿನಿಂದ ಸಾಧಾರಣ ಪೈಪಿನ ನೀರು ಬಿಡತಕ್ಕದ್ದು. ತಾಳಿದವನು ಬಾಳಿಯಾನು ಎಂಬುದು ಪಾಚಿಯ ವಿಷಯದಲ್ಲೂ ಅನ್ವಯಿಸುತ್ತದೆ.

೫. ಸದರಿ ವಿಧಾನದಲ್ಲಿ ಒಂದು ಲೋಪವಿದೆ. ಮಿಷಿನ್ನಿಗೆ ಒಬ್ಬರು ಸಾಕು, ಇದಕ್ಕೆ ಇಬ್ಬರು ಬೇಕು. ಮೇಲಿನವರು ಹಿಂಬದಿ ಬಾಲ್ಕನಿಯಿಂದ ನೀರು ಬಿಡಬೇಕು, ಕೆಳಗಿನವನು ತಿಕ್ಕಬೇಕು. "ಬಿಡ್ಲೇನೋ?", "ಬಿಡಣ್ಣ", "ಸಾಕು ಸಾಕು, ನಿಲ್ಸು" ಎಂದು ಇಬ್ಬರೂ ಕೂಗಾಡದೆ ಕೆಲಸ ನಡೆಯದು. ಇದನ್ನೂ ಅತ್ತಿಗೆಯವರ ಮೂಲಕ ರವಾನಿಸಿದರೆ, ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಜಿದಾರನು ತೊಯ್ದು ತೊಪ್ಪೆಯಾಗಿರುತ್ತಾನೆ.

ಈ ಲೋಪದ ಸಲುವಾಗಿಯೇ ಅರ್ಜಿದಾರನು ಈ ವಿಧಾನವನ್ನು ಆರಿಸಿಕೊಂಡಿರುತ್ತಾನೆ. ಅಣ್ಣ, ಬೆಳಿಗ್ಗೆ ಒಬ್ಬನೇ ಕೂತು ಕಾಫಿ ಕುಡಿಯೋಕೆ ನನ್ ಕೈಲಿ ಆಗ್ತಿಲ್ಲ. ಹಿಂದಿನ ವಾಕ್ಯವು ಅರ್ಜಿಯ ನಮೂನೆಗೆ ವಿರುದ್ಧವೆನಿಸಿದಲ್ಲಿ ಹೊಡೆದುಹಾಕತಕ್ಕದ್ದು.

ಆದ್ದರಿಂದ ಮಾನ್ಯರು ದಯವಿಟ್ಟು ಮಿಷಿನ್ನನ್ನು ಅಂಗಳಕ್ಕೆ ಮಾತ್ರ ಸೀಮಿತಗೊಳಿಸಿ, ಬರುವ ಭಾನುವಾರ ಬಾಲ್ಕನಿಯಲ್ಲಿ ಪೈಪಿನ ಸಮೇತ ಖುದ್ದು ಹಾಜರಿರಬೇಕೆಂದು ಕೋರಲಾಗಿದೆ. ನೀರಿನ ವಿಷಯದಲ್ಲಿ ತಮ್ಮ ಸೇವಾನುಭವ ಅಪಾರವಾಗಿದ್ದು, ನಲ್ಲಿಯನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಬಾರದೆಂದು ವಿನಂತಿ.

ಇಂತಿ,
ತಮ್ಮ ವಿಶ್ವಾಸಿಯೂ ಬೆನ್ನಿಗೆ ಬಿದ್ದ ತಮ್ಮನೂ ಆದ,
ಲಾಂಡ್ರಿಯವನು

ಲಗತ್ತುಗಳು:
೧. ಮುಂಬದಿ ಗೋಡೆಯ ಬಣ್ಣದ ಚಕ್ಕೆ, ಗಾರೆಯ ಸಮೇತ.
೨. ದಿಂಬು (ಒಣಗಿರುವುದರಿಂದ ಸಾಕ್ಷ್ಯಕ್ಕೆ ಬಾರದೆಂದು ಹಿಂಪಡೆಯಲಾಗಿದೆ).
೩. ಅಂದಿನಿಂದ ಕೆಳಗೇ ಉಳಿದಿರುವ ತಮ್ಮ ಕಾಫಿ ಲೋಟ. ನೆನೆಸಿ ತೊಳೆಯಲಾಗಿದೆ.

ವಿ.ಸೂ.: ಸ್ವೀಕೃತಿಯನ್ನು ಬರವಣಿಗೆಯಲ್ಲಿ ನೀಡುವ ಅಗತ್ಯವಿಲ್ಲ. ಅರ್ಜಿದಾರನು ಮೆಟ್ಟಿಲ ಬುಡದಲ್ಲೇ ನಿಂತಿದ್ದು, ಮೇಲಿನಿಂದ ಒಮ್ಮೆ "ಲೋ" ಎಂದರೂ ಮಂಜೂರಾಯಿತೆಂದು ಭಾವಿಸಲಾಗುವುದು.