ಏರ್‌ಪೋರ್ಟ್ ರೈಲಿಗೆ ಒಂದು ಮನೆಯ ಬೇಡಿಕೆ

ಡ್ರೈವರ್: ಸೊನ್ನೆ ಅಂತ ಬರ್ಕೊಳ್ಳಿ ಅಂದೆನಲ್ಲ. ಈ ಮನೆಯಿಂದ ಏರ್‌ಪೋರ್ಟಿಗೆ ಯಾರೂ ಹೋಗಲ್ಲ. ರೈಲು ಬಿಟ್ರೂ ಹೋಗಲ್ಲ, ಪಲ್ಲಕ್ಕಿ ಕಳಿಸಿದ್ರೂ ಹೋಗಲ್ಲ.

ಹೆಂಡತಿ: ಬಾಯಿ ಬಿಟ್ರೆ ಬರೀ ಸುಳ್ಳು. ದಿನಾ ನಾಲ್ಕು ಸಲ ಹೋಗ್ತಾರೆ ಅಣ್ಣ ಇವರು, ನಾಲ್ಕು ಸಲ ಬರ್ತಾರೆ.

ಸಮೀಕ್ಷೆಯವನು: ಒಟ್ಟು ಎಂಟು.

ಡ್ರೈವರ್ ಹೆಂಡತಿಯತ್ತ ಕಣ್ಣು ಕೆಕ್ಕರಿಸಿದ. ಊರಿನಿಂದ ಏರ್‌ಪೋರ್ಟಿಗೆ ಹೋಗುವ ಬಸ್ಸನ್ನು ಮದುವೆಗೆ ಮುಂಚಿನಿಂದಲೂ ಓಡಿಸುತ್ತಿದ್ದವನು ಅವನೇ. ಆ ದಾರಿಗೆ ರೈಲು ಬಂದರೆ ಬಸ್ಸು ಮೂಲೆಗೆ, ಬಸ್ಸಿನ ಹಿಂದೆಯೇ ಅವನೂ ಮೂಲೆಗೆ. ಇಷ್ಟು ಗೊತ್ತಿದ್ದೂ ಬಾಗಿಲು ತೆರೆದ ತಪ್ಪು ಅವನದೇ. ಡ್ಯೂಟಿಗೆ ಹೊರಡಲು ಇನ್ನೂ ಅರ್ಧ ಗಂಟೆಯಿದೆಯೆಂದು ಬನಿಯನ್ನಿನಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದವನು, ತಟ್ಟಿದ್ದು ಪೇಪರಿನವನಿರಬೇಕು ಅಂದುಕೊಂಡಿದ್ದ. ನೋಡಿದರೆ ಕೈಯಲ್ಲಿ ಫಾರಂ, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡ ಈ ಮನುಷ್ಯ. ಏರ್‌ಪೋರ್ಟ್ ರೈಲು ಬೇಕೋ ಬೇಡವೋ ಎಂದು ಲೆಕ್ಕ ಹಾಕಲು ಬಂದಿದ್ದನಂತೆ.

ಡ್ರೈವರ್: ಎಂಟಾದ್ರೇನು, ಬಿಡಿ. ಒಬ್ಬ ಮನುಷ್ಯ ಎಂಟು ಸಲ ಓಡಾಡಿದ್ರೆ ಅದಕ್ಕೊಂದು ರೈಲು ಬಿಡ್ತಾರಾ?

ಸಮೀಕ್ಷೆಯವನು: ಎಂಟಲ್ಲ ಯಜಮಾನ್ರೇ, ಎಂಟು ಸಾವಿರ.

ವಿಷಯ ಇಷ್ಟೇ. ಊರಿನ ಪ್ರತಿ ಮನೆಯ ಕದ ತಟ್ಟುವುದಕ್ಕೆ ಸಮೀಕ್ಷೆಯವರಿಗೆ ಕಾಲೂ ಇಲ್ಲ, ಕಾಲವೂ ಇಲ್ಲ. ಆದ್ದರಿಂದ ಸಾವಿರ ಮನೆಗೆ ಒಂದರಂತೆ ಚೀಟಿ ಎತ್ತುತ್ತಾರೆ. ಆ ಒಂದು ಮನೆಯವರು ಹೇಳಿದ್ದೇ ಸಾವಿರ ಮನೆಯವರು ಹೇಳಿದ್ದು. ಈ ಭಾಗಕ್ಕೆ ಬಂದ ಚೀಟಿ ಇವರದು.

ಡ್ರೈವರ್: ಉಳಿದ ಒಂಬೈನೂರ ತೊಂಬತ್ತೊಂಬತ್ತು ಮನೆಯವರು?

ಸಮೀಕ್ಷೆಯವನು: ಅವರ ಪರವಾಗಿ ನೀವೇ.

ಡ್ರೈವರ್: ಅವರು ಇದಕ್ಕೆ ಒಪ್ಪಿದ್ದಾರಾ?

ಸಮೀಕ್ಷೆಯವನು: ಅವರನ್ನ ಕೇಳೋ ಹಾಗಿದ್ರೆ ನಿಮ್ಮನ್ನ ಯಾಕೆ ಕೇಳಬೇಕು?

ಹೆಂಡತಿಗೆ ಈ ಏರ್ಪಾಡು ಬಹಳ ಹಿಡಿಸಿತು. ಬೀದಿಯ ನಲ್ಲಿ ಹತ್ತಿರ ಸಾಲು ತಪ್ಪಿಸುವ ಎದುರುಮನೆಯವಳ ಪರವಾಗಿಯೂ ಇನ್ನು ತಾನೇ ಮಾತಾಡಬಹುದು. ಅವಳು ಕುರ್ಚಿ ಎಳೆದುಕೊಂಡು ಕೂತಳು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ್ದಕ್ಕೆ ಮೂರು ಎಂದಳು: ತಾನು, ಇವರು, ಒಳಗೆ ಮಲಗಿರುವ ತನ್ನ ತಮ್ಮ.

ಡ್ರೈವರ್: ಅವನನ್ನ ಬರ್ಕೋಬೇಡಿ ಸ್ವಾಮಿ. ಎರಡು ದಿನಕ್ಕೆ ಅಂತ ಬಂದೋನು, ಎರಡು ವರ್ಷ ಆಯ್ತು.

ಸಮೀಕ್ಷೆಯವನು: ಬರ್ಕೊಂಡಾಯ್ತಲ್ಲ. ಸಾವಿರ.

ಡ್ರೈವರ್: ಸಾವಿರ ಭಾವಮೈದುನರಾ? ಒಬ್ಬನಿಗೆ ಹಾಸಿಗೆ ಹೊಂದಿಸೋದರಲ್ಲೇ ನನ್ನ ಬೆನ್ನು ನೆಲ ಕಂಡಿದೆ.

ಹೆಂಡತಿ: ನಮ್ಮ ಕಡೆಯವರ ಸುದ್ದಿಗೆ ಬರಬೇಡಿ. ಅವನು ಏರ್‌ಪೋರ್ಟಿಗಂತೂ ಹೋಗಲ್ಲ.

ಡ್ರೈವರ್: ಬಚ್ಚಲಿಗೆ ಹೋದ್ರೆ ಅದೇ ಹೆಚ್ಚು.

ಸಮೀಕ್ಷೆಯವನು ಹಾಳೆ ತಿರುವಿದ. ಮುಂದಿನ ಪ್ರಶ್ನೆ, ಪ್ರಯಾಣದ ಉದ್ದೇಶ. ಡ್ರೈವರ್ ಇಲ್ಲಿಯಾದರೂ ಹಿಡಿದು ನಿಲ್ಲಬೇಕೆಂದು ಬೆನ್ನು ನೆಟ್ಟಗೆ ಮಾಡಿಕೊಂಡ. ತಾನು ಪ್ರಯಾಣ ಮಾಡುವವನಲ್ಲ, ಮಾಡಿಸುವವನು. ತನ್ನದು ಬಸ್ಸು ಮುಟ್ಟಿಸುವ ಕೆಲಸ ಎಂದು ಬಿಡಿಸಿ ಬಿಡಿಸಿ ಹೇಳಿದ. ಫಾರಂನಲ್ಲಿ ಅಂಥ ಉದ್ದೇಶವೇ ಇರಲಿಲ್ಲ.

ಸಮೀಕ್ಷೆಯವನು: ಇಲ್ಲಿಂದ ಕರ್ಕೊಂಡು ಹೋದವರನ್ನ ಅಲ್ಲಿ ಬಿಟ್ಟು ಬರ್ತೀರಿ ತಾನೇ?

ಡ್ರೈವರ್: ಬಿಡದೆ ಇನ್ನೇನು, ಮನೆಗೆ ಕರ್ಕೊಂಡು ಬರ್ಲಾ?

ಸಮೀಕ್ಷೆಯವನು: ಹಾಗಾದ್ರೆ ಉದ್ದೇಶ ಬೀಳ್ಕೊಡುಗೆ. ಬರ್ತಾ ಅಲ್ಲಿಂದ ಜನ ಕರ್ಕೊಂಡು ಬರ್ತೀರಿ?

ಡ್ರೈವರ್: ಬರ್ತೀನಿ.

ಸಮೀಕ್ಷೆಯವನು: ಎದುರುಗೊಳ್ಳೋದು. ಜೊತೆಗೆ ಒಯ್ಯೋ ಸಾಮಾನು ಏನಾದ್ರೂ?

ಡ್ರೈವರ್: ಒಂದು ಬಸ್ಸು.

ವ್ಯಂಗ್ಯ ಎಂದರೇನೆಂದು ಆ ಮನುಷ್ಯನಿಗೆ ಅವನ ಇಲಾಖೆ ಹೇಳಿಕೊಟ್ಟಿರಲಿಲ್ಲ. ಚಿಕ್ಕದು, ಮಧ್ಯಮ, ದೊಡ್ಡದು ಎಂಬ ಮೂರು ಚೌಕಗಳಲ್ಲಿ ದೊಡ್ಡದಕ್ಕೆ ಗುರುತು ಹಾಕಿ, ಸಾವಿರ ಬಸ್ಸು ಹಿಡಿಸಬೇಕೆಂದರೆ ಬೋಗಿ ಅಗಲವಾಗಿರಬೇಕಾಗುತ್ತದೆ ಎಂದು ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡ್ರೈವರ್ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡು ಕಲ್ಲನ್ನೇ ನೋಡುತ್ತಾ ಕೂತ. ರೈಲು ಬೇಡವೆಂದು ಬಸ್ಸು ಓಡಿಸಿದಷ್ಟೂ ರೈಲು ಬೇಕೆಂಬುದಕ್ಕೆ ಸಾಕ್ಷಿ ಬೆಳೆಯುತ್ತಿತ್ತು.

ಹೆಂಡತಿ: ಬೀಳ್ಕೊಡುಗೆ ಅಂದ್ರಲ್ಲ ಅಣ್ಣ, ಅದನ್ನ ದಪ್ಪಕ್ಷರದಲ್ಲಿ ಬರ್ಕೊಳ್ಳಿ. ಕಂಡವರನ್ನೆಲ್ಲ ದಿನಾ ಬೀಳ್ಕೊಟ್ಟು ಬರ್ತಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು, ಕಟ್ಟಿಕೊಂಡ ಹೆಂಡತೀನ ಒಂದು ದಿನಾನೂ ಅಲ್ಲಿಗೆ ಕರ್ಕೊಂಡು ಹೋಗಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ.

ಡ್ರೈವರ್: ಅಲ್ಲಿ ನೋಡೋಕೆ ಏನಿದೆ? ಅರ್ಧ ಜನ ಅಳ್ತಿರ್ತಾರೆ, ಅರ್ಧ ಜನ ಪೆಟ್ಟಿಗೆ ಹುಡುಕ್ತಿರ್ತಾರೆ.

ಹೆಂಡತಿ: ಗಾಜಿನ ಬಾಗಿಲು ಇದೆಯಂತೆ. ಮುಂದೆ ಹೋಗಿ ನಿಂತ್ರೆ ಸಾಕು, ತಾನಾಗೇ ತೆರ್ಕೊಳ್ಳುತ್ತಂತೆ. ನಾನು ತರಕಾರಿ ಚೀಲ ಹಿಡ್ಕೊಂಡು ಈ ಬಾಗಿಲನ್ನ ಹತ್ತು ಸಲ ತಟ್ಟಿದ್ರೂ ಇವರು ಏಳಲ್ಲ. ನನ್ನ ಕಂಡ ಕೂಡಲೇ ತೆರ್ಕೊಳ್ಳೋ ಬಾಗಿಲು ಹೇಗಿರುತ್ತೆ ಅಂತ ಒಂದು ಸಲ ನೋಡ್ಬೇಕು. ಅಷ್ಟೇ.

ಸಮೀಕ್ಷೆಯವನ ಪೆನ್ಸಿಲ್ ನಿಂತಿತು. ಅವನು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ.

ಸಮೀಕ್ಷೆಯವನು: ಅಕ್ಕಾ, ಹೋಗಬೇಕು ಅಂತ ಇದೆ, ಹೋಗಿಲ್ಲ. ಹೌದಾ?

ಹೆಂಡತಿ: ಹೌದು.

ಸಮೀಕ್ಷೆಯವನು: ಇದಕ್ಕೆ ನಮ್ಮಲ್ಲಿ ಅದುಮಿಟ್ಟ ಬೇಡಿಕೆ ಅಂತಾರೆ. ರೈಲು ಮಂಜೂರಾಗೋದೇ ಇದರ ಮೇಲೆ.

ಆ ಪದ ಕೇಳಿ ಹೆಂಡತಿಯ ಕಣ್ಣಂಚು ಒದ್ದೆಯಾಯಿತು. ಇಷ್ಟು ವರ್ಷ ತನಗೆ ಆಗುತ್ತಿದ್ದುದಕ್ಕೆ ಸರ್ಕಾರದ ಫಾರಂನಲ್ಲಿ ಒಂದು ಹೆಸರೂ ಒಂದು ಚೌಕವೂ ಇದೆಯೆಂದು ಅವಳಿಗೆ ತಿಳಿದಿರಲಿಲ್ಲ. ಡ್ರೈವರನ ಕಣ್ಣಿಗೆ ಮಾತ್ರ ಸಾವಿರ ಹೆಂಡಂದಿರು ಸಾವಿರ ತರಕಾರಿ ಚೀಲ ಹಿಡಿದು ರೈಲಿಗೆ ಕಾಯುವುದು ಕಾಣಿಸಿತು. ಅವನು ಎದ್ದು ನಿಂತ.

ಡ್ರೈವರ್: ಆ ಬೇಡಿಕೆ ತೀರಿಸಿಬಿಟ್ರೆ?

ಸಮೀಕ್ಷೆಯವನು: ಚೌಕ ಖಾಲಿ. ಅಳಿಸಿಬಿಡ್ತೀನಿ.

ಡ್ರೈವರ್: ಅಳಿಸಿ ಹಾಗಾದ್ರೆ. ಲೇ, ಏಳು, ಒಳ್ಳೆ ಬಟ್ಟೆ ಹಾಕ್ಕೋ. ಈಗಲೇ ಹೊರಡೋಣ. ಇವತ್ತು ಮಾತ್ರ ಅಲ್ಲ, ನಾಳೆಯಿಂದ ಪ್ರತಿ ಟ್ರಿಪ್ಪಿಗೂ ಬಾ. ನನ್ನ ಪಕ್ಕದ ಮುಂದಿನ ಸೀಟು ನಿಂದು. ಆ ಬಾಗಿಲು ಬೇಸರ ಬರೋವರೆಗೂ ನೋಡು.

ಅವಳು ಎರಡನೇ ಮಾತಾಡದೆ ಒಳಗೆ ಓಡಿದಳು. ಕಪಾಟು ತೆರೆದ ಸದ್ದು, ತಮ್ಮನನ್ನು ಎಬ್ಬಿಸಿ ಒಲೆಯ ಕಡೆ ನೋಡಿಕೋ ಎಂದು ಹೇಳಿದ ಸದ್ದು ಕೇಳಿಸಿತು. ಸಮೀಕ್ಷೆಯವನು ರಬ್ಬರಿನಿಂದ ಆ ಚೌಕವನ್ನು ಉಜ್ಜಿ ಉಜ್ಜಿ ಅಳಿಸಿದ. ಡ್ರೈವರ್ ಗೆದ್ದೆನೆಂದು ಮೀಸೆಗೆ ಕೈ ಹಾಕುವಷ್ಟರಲ್ಲಿ ಪೆನ್ಸಿಲ್ ಮತ್ತೆ ಕೆಲಸ ಶುರುಮಾಡಿತು.

ಡ್ರೈವರ್: ಮತ್ತೇನು ಬರೀತಿದ್ದೀರಿ?

ಸಮೀಕ್ಷೆಯವನು: ಪ್ರತಿ ಟ್ರಿಪ್ಪಿಗೂ ಇಬ್ಬರು ಅಂದ್ರಲ್ಲ. ಎಂಟು ಸಾವಿರ ಈಗ ಹದಿನಾರು ಸಾವಿರ ಆಯ್ತು. ಈ ಊರಲ್ಲಿ ಯಾವ ಮನೆಯಿಂದಲೂ ಇಷ್ಟು ಬೇಡಿಕೆ ಬಂದಿಲ್ಲ. ರೈಲು ಬಂದ ಹಾಗೇ ಅಂದ್ಕೊಳ್ಳಿ.

ಡ್ರೈವರ್ ಪೆನ್ಸಿಲಿಗೆ ಕೈ ಅಡ್ಡ ಹಿಡಿದ. ಸುಮ್ಮನೆ ಬಾಯಿಮಾತಿಗೆ ಅಂದೆ, ಅವಳು ಬರುವುದಿಲ್ಲ, ಹಳೆಯ ಎಂಟೇ ಇರಲಿ ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ತಲೆ ಬಾಚಿಕೊಂಡು, ಮದುವೆಮನೆಗೆ ಹೊರಟವಳ ಹಾಗೆ, ಹೊಸ ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಂದಳು. ಚಪ್ಪಲಿಯ ತಳಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವನು ಕೈ ಚಾಚಿ ಆ ಚೀಟಿಯನ್ನು ಕಿತ್ತುಹಾಕಿದ.

ಹೆಂಡತಿ: ಪ್ರತಿ ಟ್ರಿಪ್ಪಿಗೂ ಅಂದಿದ್ದು ನಿಜ ತಾನೇ?

ಡ್ರೈವರ್: ಬರ್ಕೊಳ್ಳಿ ಸ್ವಾಮಿ. ಹದಿನಾರು ಸಾವಿರ. ನನ್ನ ಹಣೇಲಿ ಬರೆದದ್ದು ನಿಮ್ಮ ಫಾರಂನಲ್ಲಿ ತಪ್ಪೋಕಾಗುತ್ತಾ?

ಅವನು ಸಹಿ ಹಾಕಿದ. ಈ ಹಾಳು ರೈಲು ಯಾವಾಗ ಬರುತ್ತದೆ, ಬಸ್ಸಿಗೆ ಇನ್ನೆಷ್ಟು ತಿಂಗಳ ಆಯುಸ್ಸು ಎಂದು ಮೆಲ್ಲಗೆ ಕೇಳಿದ.

ಸಮೀಕ್ಷೆಯವನು: ತಿಂಗಳಾ? ಇದು ಸಮೀಕ್ಷೆ ಮಾಡಬೇಕೋ ಬೇಡವೋ ಅಂತ ತಿಳ್ಕೊಳ್ಳೋ ಸಮೀಕ್ಷೆ. ಆಮೇಲೆ ನಿಜವಾದ ಸಮೀಕ್ಷೆ, ಆಮೇಲೆ ವರದಿ, ಆಮೇಲೆ ವರದಿ ಓದೋಕೆ ಒಂದು ಸಮಿತಿ. ಯಾರೂ ಅಡ್ಡಗಾಲು ಹಾಕದೆ ಇದ್ರೆ ಹದಿನೈದು ವರ್ಷ.

ಡ್ರೈವರ್: ನನಗೆ ರಿಟೈರ್ ಆಗೋಕೆ ಇನ್ನು ಆರೇ ವರ್ಷ.

ಹೋದ ಜೀವ ಮರಳಿ ಬಂತು. ಅವನು ಹೊಟ್ಟೆ ತುಂಬಾ ನಕ್ಕು, ಸಮೀಕ್ಷೆಯವನ ಭುಜ ತಟ್ಟಿ, ಪುನಃ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಹಾಗಿದ್ದರೆ ಅವಸರವೇನೂ ಇಲ್ಲ, ಇವತ್ತು ಬಸ್ಸಿನಲ್ಲಿ ಜನ ಜಾಸ್ತಿ, ಮುಂದಿನ ವಾರ ನೋಡೋಣ ಎಂದು ಹೆಂಡತಿಗೆ ಹೇಳಿ, ಬಿಟ್ಟಿದ್ದ ಎಡಗಾಲಿನ ಉಗುರಿಗೆ ಕತ್ತರಿ ಹಾಕಿದ. ಅವಳು ಅವನ ಕೈಯಿಂದ ಕತ್ತರಿ ಕಿತ್ತುಕೊಂಡು, ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಖಾಕಿ ಅಂಗಿಯನ್ನು ಮಡಿಲಿಗೆ ಎಸೆದಳು.

ಹೆಂಡತಿ: ರೈಲು ಹದಿನೈದು ವರ್ಷ ತಡ ಆದ್ರೆ ಆಗ್ಲಿ. ನಿಮ್ಮ ಬಸ್ಸು ಆಗಲೇ ಇಪ್ಪತ್ತೆರಡು ವರ್ಷ ತಡ. ಏಳಿ ಮೇಲೆ.